ಅರಿವೆ ತೊಳೆದ ನೀರು

ಸೊಸೆ ಮನಿಷಾ ಕುಂಡದ ಮಣ್ಣಿಗೆ ಬೆರಳು ಇಳಿಸಿದಾಗ ಸುಗಂಧರಾಜದ ಗಡ್ಡೆ ಕೊಳೆತು ಬೆಣ್ಣೆಯ ಹಾಗೆ ಮೆತ್ತಗಾಗಿ ಕೈಗೆ ಬಂತು. ಮುಕುರಿದ್ದ ಕರಿ ನೊರಜುಗಳು ಒಮ್ಮೆಲೇ ಎದ್ದವು. ಹಿಂದೆ ನಿಂತಿದ್ದ ಅತ್ತೆ ಕಾಶಿಬಾಯಿ ಬಗ್ಗಿ ನೋಡಿದಳು. ಮಗಳು ಸ್ನೇಹಲ ಜೈನ ದೀಕ್ಷೆ ತೆಗೆದುಕೊಂಡು ಮನೆ ಬಿಟ್ಟ ದಿನ ತಾಯಿಗೆಂದು ಊರಿ ಹೋದ ಗಡ್ಡೆ ಅದು. ಈಗ ಅವಳು ಮಾತಾಜಿ, ತಾಯಿಯೂ ಕೈಮುಗಿಯಬೇಕು. ಈ ಹೂವಿನ ಮುಂದೆ ಮಾತ್ರ ಕಾಶಿಬಾಯಿ ಅವಳನ್ನು ಮಗಳೇ ಎಂದು ಕರೆಯುತ್ತಿದ್ದಳು.

"ಹುಳಾ ಬೇರ ತಿಂದಾವ್ರಿ ಅತ್ತಿ. ಎಂಟ ದಿನಾ ನೀರ ಹಾಕಬ್ಯಾಡ್ರಿ, ಮಣ್ಣ ಒಣಗಿದ್ರ ನೊರಜ ತಾವ ಹೋಗ್ತಾವ ಅಂತ ಎಷ್ಟ ಸಲ ಹೇಳಬೇಕ್ರಿ?"

"ನಾ ಎಲ್ಲಿ ಹಾಕೇನ ಬೇ? ಒಂದ ಹನಿ ಹಾಕಿಲ್ಲ."

"ಹಂಗಾರ ಈ ಕುಂಡಕ್ಕಷ್ಟ ಮಳಿ ಬಂತೇನ್ರಿ?" ಎನ್ನುತ್ತ ತಿರುಗಿದ ಮನಿಷಾ ಅತ್ತೆಯ ಕೈಯಲ್ಲಿದ್ದ ತಂಬಿಗೆ ನೋಡಿದಳು.

ಕುಡಿಯುವ ನೀರು ಸೋಸಿದ ಮೇಲೆ, ಅರಿವೆಯಲ್ಲಿ ಸಿಕ್ಕ ಸಣ್ಣ ಜೀವಗಳು ಸಾಯಬಾರದೆಂದು ಅರಿವೆ ಅದ್ದಿ ತೊಳೆದ ನೀರು ತಂಬಿಗೆಯಲ್ಲಿತ್ತು. ಮೊದಲೆಲ್ಲ ಅದನ್ನು ಬಾವಿಗೇ ಮರಳಿಸುತ್ತಿದ್ದರು. ಬಾವಿ ಮುಚ್ಚಿ ನಳ ಬಂದ ಮೇಲೆ ಕಾಶಿಬಾಯಿ ದಿನಕ್ಕೆರಡು ಸಲ ಈ ಕುಂಡಕ್ಕೆ ಸುರಿಯುತ್ತಿದ್ದಳು. ಅದನ್ನು ಗಿಡಕ್ಕೆ ನೀರು ಹಾಕುವುದೆಂದು ಆಕೆ ಎಂದೂ ಎಣಿಸಿರಲಿಲ್ಲ. ಜೀವ ಉಳಿಸುವುದೆಂದೇ ತಿಳಿದಿದ್ದಳು.

"ಹೋಗ್ಲಿ ಬಿಡ್ರಿ," ಮನಿಷಾಳ ದನಿ ಇಳಿದಿತ್ತು, "ಈ ಮಣ್ಣ ತಿಪ್ಪಿಗೆ ಚೆಲ್ಲಿ ಬರ್ತೇನಿ."

"ಬ್ಯಾಡ. ಗಡ್ಡಿ ಹೋತು. ಹುಳಾ ಇನ್ನೂ ಜೀವಂತ ಅದಾವಲ್ಲ," ಎಂದು ಕಾಶಿಬಾಯಿ ತಂಬಿಗೆಯನ್ನು ಕುಂಡದೊಳಗೆ ಬಗ್ಗಿಸಿದಳು.