ಹೇಳಿದ ಕ್ರಮದಲ್ಲಿ

ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಅಂಕಗಳನ್ನು ಕೂಡಿಸಿ ಮೊತ್ತ ತೋರಿಸಬೇಕಿದ್ದ ಶಿವಲೀಲಾಳ ಪ್ರೋಗ್ರಾಂ ಮತ್ತೆ ಸೊನ್ನೆ ತೋರಿಸಿತು. ಸುನಂದಾ ಮೇಡಂ ತಾಳ್ಮೆ ಕಳೆದುಕೊಂಡರು.

"ಅಂಕ ತಗೊಳ್ಳೂಕಿಂತ ಮೊದ್ಲ ಮೊತ್ತ ತೋರ್ಸು ಅಂತ ಬರದೀಯಲ್ಲ! ಸೊನ್ನೆ ಬರದ ಇನ್ನೇನ್ ಬರತೈತಿ?"

"ಆಮ್ಯಾಲ ಅಂಕ ಕೊಟ್ಟೀನ್ರಿ ಮೇಡಂ. ನನ್ನ ಮನಸಿನ್ಯಾಗ ಏನೈತಿ ಅಂತ ಅದಕ್ಕ ತಿಳಿಯಂಗಿಲ್ಲೇನ್ರಿ?"

"ತಿಳಿಯಂಗಿಲ್ಲ! ನೀ ಹೇಳಿದ್ದನ್ನ, ಹೇಳಿದ ಕ್ರಮದಾಗ ಮಾಡತೈತಿ, ಅಷ್ಟ. ಬಾಯಿ ಮುಚ್ಕೊಂಡ ಕುಂತು, ತಾನ ತಿಳ್ಕೊಳ್ಳಲಿ ಅಂದ್ರ ಹೆಂಗ? ಎಷ್ಟ ಸಲ ಹೇಳ್ಬೇಕ ನಿನಗ?"

ಹುಡುಗಿಯ ಕಣ್ಣು ತುಂಬಿತು. ತರಗತಿಯಲ್ಲೇ ಎಲ್ಲರಿಗಿಂತ ಚುರುಕಾಗಿದ್ದವಳು ಈ ವಾರವಿಡೀ ಹೀಗೆ ಮಂಕಾಗಿದ್ದಳು. ಮೇಡಂ ಸಿಟ್ಟಿನಿಂದ ಪಕ್ಕದ ಮೇಜಿನತ್ತ ತಿರುಗುವಷ್ಟರಲ್ಲಿ ಅವಳು ಎದ್ದು ಹೊರಗೆ ನಡೆದಳು.

"ಏ, ಎಲ್ಲಿಗೆ ಹೊಂಟಿ?" ಎಂದು ಗದರುತ್ತಾ ಮೇಡಂ ಹಿಂದೆಯೇ ಹೋದರು.

ವರಾಂಡದ ಕಂಬಕ್ಕೆ ಒರಗಿ ಶಿವಲೀಲಾ ಫೋನ್ ಕಿವಿಗಿಟ್ಟುಕೊಂಡಿದ್ದಳು.

"ಅಪ್ಪಾ, ನಾಳೆ ಗಂಡಿನ ಕಡೆಯವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು. ಮೊದ್ಲ ನನ್ನ ಓದು, ಆಮ್ಯಾಲ ಕೆಲಸ. ಮದುವಿ ಅದಾದ ಮ್ಯಾಲ."