ಹೊಟ್ಟೆಪಾಡಿನ ಪದಗಳು

ನಿಘಂಟಿಗೆಂದು ಪದ ಸಂಗ್ರಹಿಸುತ್ತಿದ್ದ ವಾರಿಜಾ ಅಂದು ಕಾಡಂಚಿನ ಹಾಡಿಯ ಬೊಮ್ಮಿಯಜ್ಜಿಯ ಜೊತೆ ಗೆಣಸು ಅಗೆಯಲು ಹೋಗಿದ್ದಳು. ಬಿಸಿಲು ನೆತ್ತಿಗೇರಿದಾಗ ಒಂದು ಬಂಡೆಯ ಮೇಲೆ ಕೂತು ನೋಟುಬುಕ್ಕು ತೆರೆದಳು. ಅಜ್ಜಿ ಮಾತ್ರ ಅಗೆಯುವ ಕೋಲು ಹಿಡಿದು ಎದುರಿಗೆ ನಿಂತೇ ಇದ್ದಳು.

"ಊಟ ಹುಡುಕೋದಕ್ಕೆ ನಿಮ್ಮಲ್ಲಿ ಏನಂತೀರಿ ಅಜ್ಜಿ?"

"ಎಲ್ಲಕ್ಕೂ ಒಂದೇ ಮಾತು ಸಾಲ್ತದಾ ಕೂಸೇ? ಸೊಪ್ಪಾದ್ರೆ ಕುಯ್ಯೋದು. ಗೆಣಸಾದ್ರೆ ಅಗೆಯೋದು. ಅಣಬೆಯಾದ್ರೆ ಹೆಕ್ಕೋದು."

ವಾರಿಜಾಳಿಗೆ ಹಿಗ್ಗೋ ಹಿಗ್ಗು. ಮೂರು ದಿನದಿಂದ ಹೂಂ, ಉಹೂಂ ಬಿಟ್ಟು ಬೇರೆ ಮಾತೇ ಆಡದಿದ್ದ ಅಜ್ಜಿ ಇವತ್ತು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಾಳೆ!

"ಇನ್ನೂ ಕೇಳು. ಜೋರಾಗಿ ಕೇಳು," ಎಂದಳು ಅಜ್ಜಿ.

"ಪ್ರಾಣಿಗಳು ಹುಡುಕಿದ್ರೆ?"

"ಜಿಂಕೆ ಮೇಯ್ತದೆ. ಹಂದಿ ನೆಲ ಕೆದಕ್ತದೆ. ಕರಡಿ ಹುತ್ತ ಬಗೀತದೆ."

ಬರೆದುಕೊಳ್ಳುತ್ತಿದ್ದಂತೆ ಕಾಡು ತೀರಾ ಸುಮ್ಮನಾಗಿದೆ ಎಂದು ವಾರಿಜಾಳಿಗೆ ಅನ್ನಿಸಿತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಅಜ್ಜಿಯ ಕಣ್ಣು ತನ್ನ ಮುಖದ ಮೇಲಿರಲಿಲ್ಲ. ಭುಜದಾಚೆ ಎಲ್ಲೋ ನೆಟ್ಟಿತ್ತು.

"ಮತ್ತೆ... ಹುಲಿ?" ಅವಳ ದನಿ ಸಣ್ಣದಾಯಿತು.

"ಹೊಂಚ್ತದೆ." ಅಜ್ಜಿ ಕೋಲನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎತ್ತಿದಳು. "ನೀನು ಪುಸ್ತಕ ತೆರೆದಾಗಿಂದ ನಿನ್ನ ಬೆನ್ನ ಹಿಂದೆ ಅದ್ನೇ ಮಾಡ್ತಾ ಕೂತದೆ. ಓಡ್ಬೇಡ ಕೂಸೇ, ಮಾತಾಡ್ತಾ ಮಾತಾಡ್ತಾ ಎದ್ದು ನನ್ನ ಕಡೆ ಬಾ."