ಹನ್ನೆರಡು ಮನೆಗಳಿಗಾಗುವಷ್ಟು ಮಸಿ

ಸರ್ಕಾರ ಅಳಿಸಿಹಾಕಿದ ಕುರ್ದಿಶ್ ಹಳ್ಳಿಗಳು ಕಾಗದದ ಮೇಲೆ ನಿಲ್ಲುವುದಿಲ್ಲ. ಎಷ್ಟು ಸಲ ಬರೆದರೂ ಬೆಳಗಾಗುವಷ್ಟರಲ್ಲಿ ಹಾಳೆ ಬೆಳ್ಳಗಾಗಿರುತ್ತದೆ. ಆ ಊರುಗಳಲ್ಲಿ ಹುಟ್ಟಿದವರ ಮೈಮೇಲೆ, ದೀಪದ ಮಸಿಗೆ ಹೆಣ್ಣುಮಗು ಹೆತ್ತವಳ ಎದೆಹಾಲು ಕಲಸಿ ಚುಚ್ಚಿದ ಹಚ್ಚೆ ಮಾತ್ರ ಉಳಿಯುತ್ತದೆ. ಅದನ್ನೂ ಬದುಕಿರುವವರ ಮೈ ನೋಡಿಕೊಂಡೇ ಇನ್ನೊಬ್ಬರ ಮೈಗೆ ಇಳಿಸಬೇಕು. ಹಾಗಾಗಿ ಚಿತ್ರಕಲಾವಿದೆ ಶಿಲಾನಳ ಪ್ರದರ್ಶನಗಳಲ್ಲಿ ಗೋಡೆ ಖಾಲಿ. ಊರು ಕಳೆದುಕೊಂಡವರು ಅಂಗಿಯ ತೋಳು ಮಡಿಸಿ, ಹಚ್ಚೆ ತೋರಿಸುತ್ತ ನಿಂತಿರುತ್ತಾರೆ.

ಅವಳ ಊರಲ್ಲೇ ಹುಟ್ಟಿದವರಲ್ಲಿ ಉಳಿದವರು ಇಬ್ಬರೇ: ಅವಳು ಮತ್ತು ಕಣ್ಣು ಕಾಣದ ಸೋದರತ್ತೆ ಝೈನೆ. ಅತ್ತೆ ಈ ಸಂಜೆ ದಾಟುವುದು ಕಷ್ಟ ಎಂದು ಬರ್ಲಿನ್ನಿನ ಡಾಕ್ಟರ್ ಹೇಳಿಯಾಗಿತ್ತು. ನಿನ್ನೆ ಶಿಲಾನ್ ಆತುರದಲ್ಲಿ ಗಂಡುಮಗುವಿನ ತಾಯಿಯ ಹಾಲು ಬೆರೆಸಿ ಅತ್ತೆಯ ಬೆನ್ನ ಮೇಲಿದ್ದ ಊರನ್ನೆಲ್ಲ ತನ್ನ ಕೈಗೆ ಚುಚ್ಚಿಕೊಂಡಿದ್ದಳು. ಬೆಳಗ್ಗೆ ನೋಡಿದರೆ ಹಚ್ಚೆ ಮಾಯವಾಗಿ ಬರೀ ಬಾವು. ಇವತ್ತು ಪಕ್ಕದ ಕೋಣೆಯಲ್ಲಿ ಹೆಣ್ಣು ಹೆತ್ತ ಬಾಣಂತಿ ಕೊಟ್ಟದ್ದು ಅರ್ಧ ಚಮಚ ಹಾಲು. ಅತ್ತೆಯ ಬೆನ್ನ ಮೇಲೆ ಮೂವತ್ತು ಮನೆ.

"ಯಾರ ಮನೆ ಹಾಕ್ತಿದೀಯೇ?"

"ಬಾವಿ ಹತ್ರದ್ದು, ಅತ್ತೆ."

"ಪಾಪ, ಅವರ ಮಕ್ಕಳು ಮೊಮ್ಮಕ್ಕಳು ಅಂತ ಎಲ್ಲೂ ಒಬ್ರೂ ಉಳೀಲಿಲ್ಲ."

ಅದಕ್ಕೇ ಶಿಲಾನ್ ಅದನ್ನು ಆರಿಸಿದ್ದಳು. ವಂಶವೇ ಅಳಿದ ಮನೆಗಳೇ ಮೊದಲು. ಹನ್ನೆರಡನೇ ಮನೆಗೆ ಮಸಿಯ ಬಟ್ಟಲು ಒಣಗಿತು.

"ನಮ್ಮನೆ ಹಾಕಿದ್ಯಾ ಮಗಳೇ? ನಿಮ್ಮಪ್ಪ ನೆಟ್ಟ ದಾಳಿಂಬೆ ಪಕ್ಕ?"

"ಹಾಕ್ದೆ, ಅತ್ತೆ."

"ಎಲ್ಲಿ, ಮುಟ್ಟಿಸು."

ಶಿಲಾನ್ ಒಣಸೂಜಿಯಿಂದ ಮೊಣಕೈ ಬಳಿ ರಕ್ತ ಜಿನುಗುವಂತೆ ಒಂದು ಚೌಕ ಚುಚ್ಚಿ, ಅತ್ತೆಯ ಬೆರಳನ್ನು ಅದರ ಮೇಲಿಟ್ಟಳು.

"ಮಸಿ ಇನ್ನೂ ಹಸೀನೇ ಇದೆ," ಎಂದು ಅತ್ತೆ ನಕ್ಕಳು.